ಕಂಡದ್ದು, ಕೇಳಿದ್ದು

ಜುಲೈ 22, 2025, ಮಂಗಳವಾರ
ಮೂಡುಬಿದಿರೆ

ಪಹಣಿಯ ಕೆಲಸಕ್ಕೆಂದು ಬೆಳಿಗ್ಗೆ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೋಗಿ ಸಂಜೆ ಮರಳಿದೆ. ಗುರುವಾಯನಕೆರೆ ದಾಟುವಾಗ ಮಳೆ ಎಷ್ಟು ಜೋರೆಂದರೆ ಬಸ್ಸಿನ ಟರ್ಪಾಲು ಇಳಿಸಿ ಎಲ್ಲರೂ ಕತ್ತಲಲ್ಲಿ ಕೂತೆವು. ಆ ಕತ್ತಲಲ್ಲಿ ತಾರೀಕು ನೆನಪಾಯಿತು.

ಒಂಬತ್ತು ವರ್ಷದ ಹಿಂದೆ, 2016ರ ಇದೇ ದಿನ, ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಒಳಗೆ 29 ಮಂದಿ. ಅವರಲ್ಲಿ ಬೆಳ್ತಂಗಡಿ ತಾಲೂಕಿನವರೂ ಒಬ್ಬರು. ಆ ವಾರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕತೆ. ಯಾವುದೋ ದ್ವೀಪದಲ್ಲಿ ಇಳಿದಿದೆಯಂತೆ, ಯಾರಿಗೋ ಸುದ್ದಿ ಬಂದಿದೆಯಂತೆ. ಒಂದೊಂದು 'ಅಂತೆ'ಯೂ ಆ ಮನೆಯ ಜಗಲಿಯವರೆಗೆ ನಡೆದು ಹೋಗಿ ಒಂದಿಷ್ಟು ಆಸೆ ಕೊಟ್ಟು, ಮರುದಿನ ಅದನ್ನೇ ಕಿತ್ತುಕೊಂಡು ಬಂದಿರಬೇಕು. ಸೆಪ್ಟೆಂಬರಿನಲ್ಲಿ ಸರಕಾರ ಎಲ್ಲರೂ ತೀರಿಕೊಂಡಿದ್ದಾರೆಂದು ಭಾವಿಸಬೇಕು ಎಂದಿತು.

ಏಳು ವರ್ಷ ಕಳೆದು, 2024ರ ಜನವರಿಯಲ್ಲಿ, ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದ ಕಡಲ ತಳದಲ್ಲಿ ಅವಶೇಷ ಸಿಕ್ಕಿತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಯಾಂತ್ರಿಕ ಜಲವಾಹನ ಶಬ್ದದ ಅಲೆಯಿಂದ ಹುಡುಕಿ, ಚಿತ್ರ ತೆಗೆದು ತಂದಿತ್ತು. ಆ ದಿನದ ಸರಕಾರಿ ಹೇಳಿಕೆಯನ್ನು ಕತ್ತರಿಸಿ ಈ ಪುಸ್ತಕದಲ್ಲೇ ಅಂಟಿಸಿದ್ದೇನೆ. ಚಿತ್ರಗಳು ಎಎನ್-32ರ ರೂಪಕ್ಕೆ ಹೊಂದುತ್ತವೆ, ಆ ಜಾಗದಲ್ಲಿ ಬೇರೆ ಯಾವ ವಿಮಾನವೂ ಕಾಣೆಯಾದ ದಾಖಲೆ ಇಲ್ಲ, ಆದ್ದರಿಂದ ಇದು ಅದೇ ಆಗಿರಬಹುದು ಎಂದು ಅದರ ತಾತ್ಪರ್ಯ. 'ಆಗಿರಬಹುದು' ಎಂಬ ಆ ಒಂದು ಪದದ ಮೇಲೆ ನನಗೆ ಬಹಳ ಗೌರವ. ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬೇರೆ ಬೇರೆ ಇಟ್ಟು ಹೇಳಿದ ಮಾತು ಅದು. ಏಳು ವರ್ಷ ಕಾದ ಮನೆಯವರಿಗೆ ಕೊಡಬೇಕಾದ ಮರ್ಯಾದೆಯೇ ಅದು.

ಇಲ್ಲಿಯ ಕಾಲೇಜೊಂದರ ಇತಿಹಾಸ ಸಂಘದವರು ರಾತ್ರಿ ಫೋನ್ ಮಾಡಿದ್ದರು. 1965ರ ಯುದ್ಧಕ್ಕೆ ಅರವತ್ತು ತುಂಬುತ್ತದೆ, ಸೆಪ್ಟೆಂಬರ್ 6ರಂದು ಸ್ಕ್ವಾಡ್ರನ್ ಲೀಡರ್ ದೇವಯ್ಯ ಅವರ ಕುರಿತು ಮಾತಾಡಬೇಕು ಎಂದರು. ಒಪ್ಪಿದೆ. ಬಂಟ್ವಾಳದ ಮಾವ ವಾಯುಪಡೆಯಲ್ಲಿದ್ದವರು ಎಂದು ಬಾಯಿತಪ್ಪಿ ಹೇಳಿಬಿಟ್ಟೆ. "ಹಾಗಾದರೆ ಅವರನ್ನೂ ಕರೆತನ್ನಿ ಮೇಡಂ" ಎಂದು ಆಗಲೇ ಶುರು.

ಆಗಸ್ಟ್ 3, ಭಾನುವಾರ
ಬಂಟ್ವಾಳ

ಸಿದ್ದಕಟ್ಟೆ ದಾರಿಯಾಗಿ ಬಂದೆ. ಆಟಿ ತಿಂಗಳು, ಅತ್ತೆ ಪತ್ರೊಡೆ ಮಾಡಿದ್ದರು. ಮಾವನಿಗೆ 83. ಕಿವಿ ಸ್ವಲ್ಪ ಮಂದ, ಗಂಟಲು ಮಾತ್ರ ಹಿಂದಿನ ಹಾಗೆಯೇ.

ನೇತ್ರಾವತಿಯ ಕಡೆಗಿರುವ ಈ ಹಳೆಯ ಮನೆಯ ಚಾವಡಿ ಗೋಡೆಯಲ್ಲಿ ನನ್ನ ಎದೆಮಟ್ಟಕ್ಕೆ ಒಂದು ಗೆರೆ ಇದೆ. ಪಕ್ಕದಲ್ಲಿ ಮಸಿಯಲ್ಲಿ '1974'. ಆ ವರ್ಷದ ನೆರೆಗೆ ಅಜ್ಜ ಹಾಕಿದ್ದು. ಪ್ರತಿ ಸಲ ಸುಣ್ಣ ಬಳಿಯುವಾಗಲೂ ಅದೊಂದನ್ನು ಬಿಟ್ಟೇ ಬಳಿಯುತ್ತಾರೆ. ಇವತ್ತು ಮಾವ ಮೊಮ್ಮಕ್ಕಳಿಗೆ ನೆರೆಯ ಕತೆ ಹೇಳುತ್ತಾ "ಅಟ್ಟಕ್ಕೆ ನೀರು ಮುಟ್ಟಿತ್ತು" ಎಂದರು. ಅತ್ತೆ ಏನೂ ಹೇಳದೆ ಗೋಡೆಯ ಕಡೆ ಕೈ ತೋರಿಸಿದರು. ಗೆರೆ ಅಟ್ಟಕ್ಕಿಂತ ಮೂರು ಮೊಳ ಕೆಳಗೇ ಇದೆ. ಆ ವರ್ಷ ಮಾವ ಊರಲ್ಲೇ ಇರಲಿಲ್ಲ, ಡ್ಯೂಟಿಯಲ್ಲಿದ್ದರು. ರಜೆಯಲ್ಲಿ ಬಂದಾಗ ಕೇಳಿದ ಕತೆ ಐವತ್ತು ವರ್ಷದಲ್ಲಿ ಅವರು ಕಂಡ ಕತೆಯೇ ಆಗಿಹೋಗಿದೆ.

ಊಟದ ಮೇಲೆ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ, ಅರುವತ್ತೈದರ ಮಾತು ತೆಗೆದೆ.

"ಆದಮ್‌ಪುರದಲ್ಲಿದ್ದೆ ನಾನು. ಬೆಳಿಗ್ಗೆ ಇನ್ನೂ ಕತ್ತಲೆ. ಮಿಸ್ಟೇರ್ ವಿಮಾನಗಳು ಸಾಲಾಗಿ ನಿಂತಿದ್ದವು. ದೇವಯ್ಯ ಸಾಹೇಬರು ಹತ್ತುವಾಗ ಏಣಿ ಹಿಡಿದದ್ದು ನಾನೇ ಮಗಾ. ನಮ್ಮ ಕೊಡಗಿನವರಲ್ವಾ, ನನ್ನತ್ರ ಕನ್ನಡದಲ್ಲೇ ಮಾತಾಡಿದ್ರು."

ಅತ್ತೆ ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತು. ರೆಕಾರ್ಡ್ ನಿಲ್ಲಿಸಿದ ಮೇಲೆ ಮತ್ತೆ ನನ್ನ ದೃಷ್ಟಿ ಗೋಡೆಯ ಗೆರೆಯ ಮೇಲೆಯೇ ಹೋಯಿತು.

ಆಗಸ್ಟ್ 9, ಶನಿವಾರ
ಮೂಡುಬಿದಿರೆ

ಗೊತ್ತಿರುವುದನ್ನು ಕ್ರಮವಾಗಿ ಬರೆದಿಡುತ್ತೇನೆ.

ಅಜ್ಜಮಾಡ ಬೋಪಯ್ಯ ದೇವಯ್ಯ, 1932ರಲ್ಲಿ ಕೊಡಗಿನಲ್ಲಿ ಹುಟ್ಟಿದವರು. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಮ್‌ಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಮೀಸಲು ಪಟ್ಟಿಯಲ್ಲಿದ್ದವರು. ಹೊರಟ ವಿಮಾನಗಳಲ್ಲಿ ಒಂದು ಹಿಂದೆ ಉಳಿದಾಗ ಆ ಜಾಗಕ್ಕೆ ಸೇರಿಕೊಂಡರು. ದಾಳಿ ಮುಗಿಸಿ ಬಂದವರ ಲೆಕ್ಕದಲ್ಲಿ ಅವರಿರಲಿಲ್ಲ. ಅವರಿಗೇನಾಯಿತೆಂದು ಜೊತೆಯವರು ಯಾರೂ ಕಂಡಿರಲಿಲ್ಲ. ನಮ್ಮ ಕಡತದಲ್ಲಿ 'ಕಾಣೆ' ಎಂಬಲ್ಲಿಗೇ ಕತೆ ನಿಂತಿತು.

ಮುಂದಿನದು ಗಡಿಯ ಆಚೆಯಿಂದ ಬಂತು. ಬ್ರಿಟಿಷ್ ಬರಹಗಾರ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ ಆ ಯುದ್ಧದ ಮೇಲೊಂದು ಪುಸ್ತಕ ಬರೆದರು, 1979ರಲ್ಲಿ ಅಚ್ಚಾಯಿತು. ಆ ಬೆಳಿಗ್ಗೆ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತನ್ನ ಸ್ಟಾರ್‌ಫೈಟರಿನಲ್ಲಿ ಮಿಸ್ಟೇರ್ ಒಂದನ್ನು ಅಟ್ಟಿಸಿಕೊಂಡು ಹೋದದ್ದು, ಆ ಮಿಸ್ಟೇರ್ ತಿರುಗಿ ನಿಂತು ಕಾದಾಡಿ ಸ್ಟಾರ್‌ಫೈಟರಿಗೇ ಗುಂಡು ತಗಲಿಸಿದ್ದು, ಅಮ್ಜದ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿದ್ದು ಅದರಲ್ಲಿ ಬಂತು. ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದ್ದು. ಮಿಸ್ಟೇರ್ ಸಮತಟ್ಟಾಗಿ ಹಾರುವಾಗ ಶಬ್ದದ ವೇಗವನ್ನೂ ದಾಟದ್ದು. ಆ ಹೊತ್ತಿನಲ್ಲಿ ಹಿಂದೆ ಉಳಿದಿದ್ದ ಮಿಸ್ಟೇರ್ ಯಾರದೆಂದು ನಮ್ಮವರು ತಾಳೆ ನೋಡಿದರು. ದೇವಯ್ಯನವರ ಹೆಸರಲ್ಲದೆ ಬೇರೆ ಹೆಸರು ಹೊಂದಲಿಲ್ಲ. 1988ರಲ್ಲಿ, 23 ವರ್ಷ ಕಳೆದ ಮೇಲೆ, ಮಹಾವೀರ ಚಕ್ರ.

ಈ ಸಾಕ್ಷಿಯನ್ನು ನಾನೇಕೆ ನಂಬುತ್ತೇನೆ? ತಮ್ಮ ಅತಿ ಹೆಮ್ಮೆಯ ವಿಮಾನವನ್ನು ಹಳೆಯ ಮಿಸ್ಟೇರ್ ಒಂದು ಕೆಡವಿತು ಎಂದು ಹೇಳುವುದರಿಂದ ಪಾಕಿಸ್ತಾನಕ್ಕೆ ಬರುವ ಲಾಭ ಏನೂ ಇಲ್ಲ. ಹೊಡೆದು ಬಿದ್ದ ಮಿಸ್ಟೇರಿನ ಚೂರುಗಳೇ ಬಡಿದು ಸ್ಟಾರ್‌ಫೈಟರ್ ಕೆಟ್ಟಿತು ಎಂಬ ಮಾತೂ ಅವರಲ್ಲಿತ್ತು. ಅದನ್ನೇ ಹಿಡಿದುಕೊಂಡಿದ್ದರೆ ಮಾನ ಉಳಿಯುತ್ತಿತ್ತು. ತನಗೆ ನಷ್ಟವಾಗುವ ಮಾತನ್ನು ಒಬ್ಬ ಹೇಳಿದಾಗ ಅದಕ್ಕೆ ತೂಕ ಹೆಚ್ಚು. ನಮ್ಮ ಪಂಚಾಯಿತಿಕಟ್ಟೆಯಲ್ಲೂ ಹಾಗೇ ಅಲ್ಲವೇ? ಗಡಿಕಲ್ಲಿನ ತಕರಾರಿನಲ್ಲಿ "ಹೌದು, ಕಲ್ಲು ಅವರ ಕಡೆಯದ್ದೇ" ಎಂದು ಎದುರು ಪಾರ್ಟಿ ಒಪ್ಪಿದರೆ ಮತ್ತೆ ಅಳೆಯಲು ಯಾರೂ ಹೋಗುವುದಿಲ್ಲ.

ಮಡಿಕೇರಿಯ ವೃತ್ತದಲ್ಲಿ ಅವರ ಪ್ರತಿಮೆ ಕಂಡಾಗಲೆಲ್ಲ ಅನಿಸುತ್ತದೆ, ಇವರ ಶೌರ್ಯಕ್ಕೆ ಸಾಕ್ಷಿ ನುಡಿದದ್ದು ಇವರನ್ನು ಕೊಲ್ಲಲು ಬಂದವರು. ಎದುರಾಳಿಯ ಪುಸ್ತಕವೆಂದು ಅದನ್ನು ಬದಿಗೆಸೆದಿದ್ದರೆ ದೇವಯ್ಯ ಇಂದಿಗೂ 'ಕಾಣೆ'ಯೇ.

ಆಗಸ್ಟ್ 17, ಭಾನುವಾರ

ಇದೇ ಫ್ರಿಕರ್ ಪುಸ್ತಕವೆಂದು ಎಲ್ಲವನ್ನೂ ಕಣ್ಣುಮುಚ್ಚಿ ನುಂಗಬಹುದೇ? ಆಗದು. ಅದೇ ದಿನ, ಅದೇ ಸರ್ಗೋಧಾದ ಮೇಲೆ, ತನ್ನ ಪೈಲಟ್ ಎಂ.ಎಂ. ಆಲಂ ಒಂದು ನಿಮಿಷದೊಳಗೆ ನಮ್ಮ ಐದು ಹಂಟರ್ ವಿಮಾನ ಕೆಡವಿದರೆಂದು ಪಾಕಿಸ್ತಾನ ಹೇಳುತ್ತದೆ. ನಮ್ಮ ನಷ್ಟದ ಪಟ್ಟಿ ಆ ಐದಕ್ಕೆ ತಾಳೆಯಾಗುವುದಿಲ್ಲ. ಪುಸ್ತಕ ಒಂದೇ, ಬರೆದವರು ಒಬ್ಬರೇ. ಒಂದು ಪುಟದಲ್ಲಿ ಹೇಳುವವನಿಗೆ ನಷ್ಟ, ಇನ್ನೊಂದರಲ್ಲಿ ಲಾಭ. ಹಾಗಾಗಿ ಪುಸ್ತಕಕ್ಕೆ ಒಟ್ಟಾಗಿ ಅಂಕ ಕೊಡುವುದಲ್ಲ, ಮಾತು ಮಾತಿಗೂ ಕೊಡಬೇಕು.

ತಕ್ಕಡಿ ನಮ್ಮ ಕಡೆಗೂ ಅದೇ ಇರಬೇಕು. ಸೆಪ್ಟೆಂಬರ್ 3ರಂದು ನಮ್ಮ ಟ್ರೆವರ್ ಕೀಲರ್ ತಮ್ಮ ನ್ಯಾಟ್ ವಿಮಾನದಿಂದ ಪಾಕಿಸ್ತಾನದ ಒಂದು ಸೇಬರ್ ವಿಮಾನವನ್ನು ಹೊಡೆದರು, ವೀರ ಚಕ್ರ ಬಂತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನ್ಯಾಟ್ ತಯಾರಾಗುತ್ತಿದ್ದ ಕಾಲ ಅದು, ನಮ್ಮ ರಾಜ್ಯಕ್ಕೂ ಅದರ ಹೆಮ್ಮೆ ಉಂಟು. ಪಾಕಿಸ್ತಾನದ ಲೆಕ್ಕದಲ್ಲಿ ಆ ಸೇಬರ್ ಪೆಟ್ಟು ತಿಂದರೂ ನೆಲೆಗೆ ಮರಳಿದೆ. ಇದನ್ನು ಹೇಳಿದರೆ ಕೀಲರ್ ಅವರ ಧೈರ್ಯ ಗುಲಗಂಜಿಯಷ್ಟೂ ಕಡಿಮೆಯಾಗದು. ಹೊಡೆದದ್ದು ನಿಜ, ಬಿತ್ತೇ ಎಂಬುದು ಬೇರೆ ಪ್ರಶ್ನೆ. ಅದೇ ದಿನ ನಮ್ಮ ನ್ಯಾಟ್ ಒಂದು ಪಸ್ರೂರಿನಲ್ಲಿ ಇಳಿದು ಅವರ ವಶವಾಯಿತು. ಸ್ಟಾರ್‌ಫೈಟರ್ ಬೆದರಿಸಿ ಇಳಿಸಿತು ಎನ್ನುತ್ತಾರೆ ಅವರು, ದಾರಿ ತಪ್ಪಿ ಇಳಿಯಿತು ಎನ್ನುತ್ತಾರೆ ನಮ್ಮವರು. ವಿಮಾನ ಕರಾಚಿಯ ಮ್ಯೂಸಿಯಮ್ಮಿನಲ್ಲಿದೆ. ಇಳಿದದ್ದರಲ್ಲಿ ತಕರಾರಿಲ್ಲ, ಯಾಕೆ ಇಳಿಯಿತು ಎಂಬುದರಲ್ಲಿ ಮಾತ್ರ.

ಒಟ್ಟು ಲೆಕ್ಕ ಇನ್ನೂ ಗೋಜಲು. ಪಾಕಿಸ್ತಾನದ 73 ವಿಮಾನ ಹೋಯಿತು ಎಂದು ನಾವು ಹೇಳಿದೆವು, ಅವರು ಒಪ್ಪಿದ್ದು 19. ನಮ್ಮ 104 ಹೋಯಿತು ಎಂದು ಅವರು ಹೇಳಿದರು, ಆಗ ನಾವು ಒಪ್ಪಿದ್ದು 35. ರಕ್ಷಣಾ ಇಲಾಖೆಯ ಇತಿಹಾಸ ವಿಭಾಗ 1992ರಲ್ಲಿ ಸಿದ್ಧಮಾಡಿದ ಇತಿಹಾಸದಲ್ಲಿ ನಮ್ಮ ನಷ್ಟ 59ಕ್ಕೆ ಏರಿತು. ಬೇಕೆಂದೇ ಹೇಳಿದ ಸುಳ್ಳು ಇದರಲ್ಲಿ ಸ್ವಲ್ಪ ಇರಬಹುದು. ಹೆಚ್ಚಿನದು ಆಕಾಶದ ಗುಣ. 1940ರ ಸೆಪ್ಟೆಂಬರ್ 15ರಂದು ಬ್ರಿಟಿಷರು ಜರ್ಮನಿಯ 185 ವಿಮಾನ ಕೆಡವಿದೆವು ಎಂದರು. ಯುದ್ಧ ಮುಗಿದು ಜರ್ಮನರ ಕಡತ ಬಿಚ್ಚಿದಾಗ ಸಿಕ್ಕಿದ್ದು ಅರವತ್ತರ ಆಸುಪಾಸು. ಒಂದೇ ವಿಮಾನಕ್ಕೆ ಮೂವರು ಗುಂಡು ಹಾಕಿ ಮೂವರೂ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಮೆಸ್ಸರ್‌ಸ್ಮಿಟ್ ಪೂರ್ತಿ ಶಕ್ತಿ ಕೊಟ್ಟು ಕೆಳಗೆ ಧುಮುಕಿದರೆ ತಾನಾಗಿ ಕಪ್ಪು ಹೊಗೆ ಬಿಡುತ್ತದೆ, ಬೆನ್ನಟ್ಟಿದವನಿಗೆ ಉರಿದುಬಿದ್ದ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಮೋಡ ಅಡ್ಡ ಬರುತ್ತದೆ. ಅವನು ಸುಳ್ಳುಗಾರನಲ್ಲ, ಅವನ ಕಣ್ಣಿಗೆ ಸಿಕ್ಕಿದ್ದು ಎರಡು ಸೆಕೆಂಡು.

ಅದಕ್ಕೇ ಕೆಡವಿದವನ ಪಟ್ಟಿಗಿಂತ ಕಳೆದುಕೊಂಡವನ ಪಟ್ಟಿ ನಂಬಲರ್ಹ. ಸ್ಕ್ವಾಡ್ರನ್ನು ತಿಂಗಳು ತಿಂಗಳು ಬರೆಯುವ ಫಾರ್ಮ್ 540, ಪೈಲಟ್ಟಿನ ಲಾಗ್‌ಬುಕ್, ಅವಶೇಷದ ಮೇಲಿನ ನಂಬರು, ಸೆರೆಸಿಕ್ಕವರ ಹೆಸರು, ಇವೆಲ್ಲ ಅಜ್ಜನ ಗೆರೆಯ ಹಾಗೆ. ಮುಂದೆ ಕತೆ ಹೇಳಬೇಕೆಂದು ಹಾಕಿದ ಗೆರೆಯಲ್ಲ, ಅವತ್ತಿನ ಕೆಲಸಕ್ಕೆ ಹಾಕಿದ್ದು.

ಆಗಸ್ಟ್ 21, ಗುರುವಾರ

ಸಾವಿರ ಕಂಬದ ಬಸದಿಗೆ ಹೋಗಿ, ಗುರು ಬಸದಿಯ ಎದುರು ಸ್ವಲ್ಪ ಹೊತ್ತು ಕೂತಿದ್ದೆ. ಧವಲಾ ಗ್ರಂಥಗಳ ಓಲೆಗರಿ ಶತಮಾನಗಟ್ಟಲೆ ಉಳಿದ ಊರು ಇದು. ಪ್ರಾಕೃತದ ಆಗಮ, ಹಳಗನ್ನಡ ಲಿಪಿಯಲ್ಲಿ ಬರೆದದ್ದು. ಇಲ್ಲಿಂದ ಪ್ರತಿ ಹೊರಗೆ ಹೋಗಿ, ಪ್ರತಿಗೆ ಪ್ರತಿಯಾಗಿ, ಕೊನೆಗೆ 1939ರಲ್ಲಿ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಯಿತು. ಪ್ರತಿಗಳ ಪಾಠವನ್ನು ಮೂಲ ಓಲೆಗೆ ತಾಳೆ ಹಾಕುವ ಕೆಲಸ ಆಮೇಲೂ ನಡೆಯಿತು.

ಓಲೆಗರಿ ಓದುವವರಿಂದ ನಾನು ಕಲಿತ ಪಾಠ ಒಂದಿದೆ. ಹತ್ತು ಪ್ರತಿಯಲ್ಲಿ ಒಂದೇ ತಪ್ಪು ಒಂದೇ ಜಾಗದಲ್ಲಿದ್ದರೆ ಅವು ಹತ್ತು ಸಾಕ್ಷಿ ಅಲ್ಲ, ಹತ್ತೂ ಒಂದೇ ತಾಯಿಯ ಮಕ್ಕಳು. ಒಬ್ಬ ಲಿಪಿಕಾರ ಎಡವಿದ, ಉಳಿದವರು ಅವನ ಹೆಜ್ಜೆಯಲ್ಲೇ ಎಡವಿದರು. ದೇವಯ್ಯನವರ ಬಗ್ಗೆ ಕಳೆದ ಹತ್ತು ದಿನದಲ್ಲಿ ಹದಿನಾಲ್ಕು ಲೇಖನ ಓದಿದೆ. ಬೇರು ಹುಡುಕುತ್ತಾ ಹೋದರೆ ಹೆಚ್ಚಿನವು ಒಂದೆರಡು ಮೂಲಕ್ಕೇ ಬಂದು ನಿಲ್ಲುತ್ತವೆ. ಈ ಜನವರಿಯಲ್ಲಿ ಬಂದ 'ಸ್ಕೈ ಫೋರ್ಸ್' ಸಿನಿಮಾ ನೋಡಿದ ಮಕ್ಕಳಿಗೆ ಅದೇ ಇತಿಹಾಸ. ಸಿನಿಮಾ ಅವರಿಗೆ ದೇವಯ್ಯನವರ ಮೇಲೆ ಪ್ರೀತಿ ಹುಟ್ಟಿಸಿದರೆ ಸಂತೋಷ. ಆದರೆ ಅಲ್ಲಿ ಹೆಸರುಗಳೇ ಬೇರೆ, ಕತೆಗೆ ಬೇಕಾದಂತೆ ಕಟ್ಟಿದ್ದು. ಸಾಕ್ಷಿಯ ಸಾಲಿನಲ್ಲಿ ಅದನ್ನು ಕೂರಿಸಲಾಗದು.

ಸಂಜೆ ಕಾಲೇಜಿನಿಂದ ಆಮಂತ್ರಣದ ಕರಡು ಬಂತು. ಮಾವನ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ 'ಪ್ರತ್ಯಕ್ಷದರ್ಶಿ'.

ಆಗಸ್ಟ್ 28, ಗುರುವಾರ
ಬಂಟ್ವಾಳ

ನಿನ್ನೆ ಚೌತಿ. ಹಬ್ಬದ ನೆಪದಲ್ಲಿ ಬಂದು ಉಳಿದೆ. ಬೆಳಿಗ್ಗೆ ಅತ್ತೆಯ ಜೊತೆ ಅಟ್ಟ ಹತ್ತಿ ಅಜ್ಜಿಯ ತಗಡಿನ ಪೆಟ್ಟಿಗೆ ಇಳಿಸಿದೆ. ಮಗ ಬರೆದ ಒಂದು ಕಾಗದವನ್ನೂ ಅಜ್ಜಿ ಬಿಸಾಡಿರಲಿಲ್ಲ. ಅಡಿಕೆ ಹಾಳೆಯ ಎರಡು ತುಂಡುಗಳ ನಡುವೆ ಬಾಳೆನಾರಿನಿಂದ ಕಟ್ಟಿಟ್ಟಿದ್ದರು.

ಇನ್ಲೆಂಡ್ ಲೆಟರ್, ಅಂಚು ಗೆದ್ದಲು ತಿಂದಿದೆ. ಒಳಗೆ ಮಾವನ ಓರೆ ಅಕ್ಷರ: ತಾರೀಕು 9-9-65. ಲೋಹಗಾಂವ್, ಪೂನಾ. ಅಮ್ಮನಿಗೆ ನಮಸ್ಕಾರ, ಇಲ್ಲಿ ರಾತ್ರಿ ದೀಪ ಹಾಕಲು ಬಿಡುವುದಿಲ್ಲ, ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದಾರೆ, ಮೇ ತಿಂಗಳಿಂದ ಇಲ್ಲೇ ಇದ್ದೇನೆ, ರಜೆ ಎಲ್ಲ ರದ್ದಾಯಿತು, ಹೆದರಬೇಡಿ. ಹೊರಗೆ ಅಂಚೆಯ ಠಸ್ಸೆ. ಭೂತಕನ್ನಡಿ ಹಿಡಿದು ನೋಡಿದೆ, ಊರೂ ತಾರೀಕೂ ಒಳಗಿನ ಬರಹಕ್ಕೆ ಸರಿಯಾಗಿಯೇ ಇತ್ತು. ಅದರ ಕೆಳಗೇ ಇನ್ನೊಂದು ಕಾಗದ, 1966ರ ಫೆಬ್ರವರಿಯದ್ದು. ಆದಮ್‌ಪುರಕ್ಕೆ ಬದಲಿಯಾಗಿದೆ, ಇಲ್ಲಿ ಚಳಿ ಭಾರಿ ಎಂದು ಬರೆದಿದ್ದಾರೆ.

ಕಾಗದ ಮಡಿಚಿ ಬಹಳ ಹೊತ್ತು ಅಟ್ಟದಲ್ಲೇ ಕೂತೆ. ಮುಚ್ಚಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. 83 ವರ್ಷದ ಹಿರಿಯರು, ಕಣ್ಣಲ್ಲಿ ನೀರು ತುಂಬಿ ಹೇಳಿದ ಮಾತು. ಆದರೆ ಆ ಮಾತು ಸಭೆಯಲ್ಲಿ ಹೋದರೆ ನಾಳೆ ಯಾರೋ ಬರೆಯುತ್ತಾರೆ, ನಾಡಿದ್ದು ಹತ್ತು ಜನ ನಕಲು ಮಾಡುತ್ತಾರೆ. ಆ ಬೆಳಿಗ್ಗೆ ನಿಜಕ್ಕೂ ಏಣಿ ಹಿಡಿದಿದ್ದವನೊಬ್ಬನಿದ್ದ. ಅವನ ಜಾಗ ನಾವು ಕಿತ್ತುಕೊಂಡ ಹಾಗಾಗುತ್ತದೆ. ದೇವಯ್ಯನವರ ಬಾಯಲ್ಲಿ ಅವರು ಆಡದ ಮಾತು ಇಟ್ಟ ಹಾಗಾಗುತ್ತದೆ. 23 ವರ್ಷ ಸರಿಯಾದ ಸಾಕ್ಷಿಗೆ ಕಾದ ಹೆಸರು ಅದು.

ಮಧ್ಯಾಹ್ನ ಚಾವಡಿಯಲ್ಲಿ ಕಾಗದ ಅವರ ಕೈಗಿಟ್ಟೆ. ಕನ್ನಡಕ ಏರಿಸಿ ಓದಿದರು. ತಿರುಗಿಸಿ ಠಸ್ಸೆ ನೋಡಿದರು. ಮತ್ತೆ ಓದಿದರು.

"ಅಮ್ಮ ಇದನ್ನು ಇಟ್ಟುಕೊಂಡಿದ್ದಾರಾ?" ಮೊದಲು ಕೇಳಿದ್ದು ಅದು. ಆಮೇಲೆ ಬಹಳ ಹೊತ್ತು ಬಿಟ್ಟು, "ಹಾಗಾದ್ರೆ ನಾನು ಅಲ್ಲಿರ್ಲಿಲ್ಲ ಅಲ್ವಾ ಮಗಾ?"

"ಮರು ವರ್ಷ ಹೋದದ್ದು ಮಾವ."

"ಬ್ಯಾರಕ್ಕಿನಲ್ಲಿ ದಿನಾ ಅದೇ ಮಾತು. ಇದ್ದವರೆಲ್ಲ ಹೇಳ್ತಿದ್ರು. ಕೇಳಿ ಕೇಳಿ ನನ್ನದೇ ಆಯ್ತು ಕಾಣ್ತದೆ."

ನೀವು ನಿಮ್ಮ ಕೈಯಾರೆ ಮಾಡಿದ್ದನ್ನು ಹೇಳಿ ಎಂದೆ. ಮಾವ ಎದ್ದು ಕೂತರು. ಮಿಸ್ಟೇರಿನ ವೆರ್ಡನ್ ಎಂಜಿನ್, ಫ್ರಾನ್ಸಿನದ್ದು. ಚಳಿಗಾಲದ ಬೆಳಿಗ್ಗೆ ಲೋಹ ಮುಟ್ಟಿದರೆ ಬೆರಳ ಚರ್ಮ ಅಂಟುವುದು. ಬಟ್ಟೆ ಒಗೆದರೂ ಹೋಗದ ಸೀಮೆಎಣ್ಣೆ ವಾಸನೆ. ಹೊರಟ ವಿಮಾನ ಎಣಿಸಿ, ಬರುವಾಗ ಮತ್ತೆ ಎಣಿಸುವುದು. "ಅಭ್ಯಾಸದ ಹಾರಾಟಕ್ಕೂ ಎಣಿಸ್ತಿದ್ದೆವು. ನಾಲ್ಕು ಹೋದ್ರೆ ನಾಲ್ಕು ಇಳಿಯುವವರೆಗೆ ಒಬ್ಬನೂ ಚಾ ಕುಡಿಯುವುದಿಲ್ಲ. ಅರುವತ್ತೈದರಿಂದ ಬಂದ ಅಭ್ಯಾಸ ಅಂತ ಹಳಬರು ಹೇಳ್ತಿದ್ರು." ಹೇಳುವಾಗ ಬಲಗೈಯ ಹೆಬ್ಬೆರಳು ಬೆರಳಗೆಣ್ಣುಗಳ ಮೇಲೆ ತಾನಾಗಿ ಓಡುತ್ತಿತ್ತು, ಒಂದು, ಎರಡು, ಮೂರು, ನಾಲ್ಕು.

ಈ ಭಾಗವನ್ನೂ ರೆಕಾರ್ಡ್ ಮಾಡಿದೆ. ಏಣಿಯ ಕತೆಗಿಂತ ಎಷ್ಟೋ ಬೆಲೆಯುಳ್ಳದ್ದು.

ಸೆಪ್ಟೆಂಬರ್ 6, ಶನಿವಾರ
ಮೂಡುಬಿದಿರೆ

ಕಾರ್ಯಕ್ರಮ ಆಯಿತು. ಆಮಂತ್ರಣದಲ್ಲಿ 'ಪ್ರತ್ಯಕ್ಷದರ್ಶಿ' ತೆಗೆಸಿ 'ನಿವೃತ್ತ ವಾಯುಸೈನಿಕರು' ಎಂದು ಹಾಕಿಸಿದ್ದೆ.

ನಾನು ಅರ್ಧ ಗಂಟೆ ಮಾತಾಡಿದೆ. ಮಕ್ಕಳಿಗೆ ಐದು ಪ್ರಶ್ನೆ ಬರೆದುಕೊಳ್ಳಲು ಹೇಳಿದೆ: ಹೇಳಿದವರು ಯಾರು? ಯಾವಾಗ ಹೇಳಿದ್ದು? ಕಂಡು ಹೇಳಿದ್ದೋ ಕೇಳಿ ಹೇಳಿದ್ದೋ? ಹೇಳಿದ್ದರಿಂದ ಅವರಿಗೆ ಲಾಭವೋ ನಷ್ಟವೋ? ಎದುರು ಕಡೆಯ ದಾಖಲೆಗೆ ತಾಳೆಯಾಗುತ್ತದೋ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೇ ಹೇಳಿದ್ದಾರೆ.

ಆಮೇಲೆ ಮಾವ ಎದ್ದರು. ಏನು ಹೇಳಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಮೈಕಿನ ಕಂಬ ಹಿಡಿದು ನಿಂತು ಹೇಳಿದರು:

"ಆ ದಿನ ಆದಮ್‌ಪುರದಲ್ಲಿದ್ದೆ ಅಂತ ನಾನು ಮನೆಯಲ್ಲಿ ಎಷ್ಟೋ ವರ್ಷದಿಂದ ಹೇಳ್ತಾ ಬಂದಿದ್ದೇನೆ. ಇರ್ಲಿಲ್ಲ ಮಕ್ಕಳೇ. ನಾನು ಪೂನಾದಲ್ಲಿದ್ದೆ, ನನ್ನ ಅಮ್ಮನಿಗೆ ಬರೆದ ಕಾಗದ ಉಂಟು. ದೇವಯ್ಯ ಸಾಹೇಬರನ್ನು ನಾನು ನೋಡ್ಲಿಲ್ಲ. ಅವರ ಜಾಗ ಖಾಲಿ ಇದ್ದ ಸ್ಕ್ವಾಡ್ರನ್ನಿನಲ್ಲಿ ಕೆಲಸ ಮಾಡಿದ್ದೇನೆ, ಅಷ್ಟು ಹೇಳ್ಬಹುದು."

ಹಿಂದಿನ ಬೆಂಚಿನ ಪಿಸುಮಾತೂ ನಿಂತಿತು. ವಿಮಾನ ಎಣಿಸುವ ಕತೆ ಹೇಳಿದರು, ಬೆರಳಿನ ಗೆಣ್ಣು ತೋರಿಸಿ. ಕೊನೆಗೆ ಒಬ್ಬಳು ಹುಡುಗಿ ಎದ್ದು, "ಅಜ್ಜ, ನಿಮ್ಮ ಮಾತನ್ನು ನಾನು ನಂಬ್ತೇನೆ" ಎಂದಳು. ಯಾಕೆ ಎಂದು ಕೇಳಿದೆ. ಬರೆದುಕೊಂಡ ಹಾಳೆ ನೋಡಿ, "ನಾಲ್ಕನೇ ಪ್ರಶ್ನೆ, ಮೇಡಂ" ಎಂದಳು.

ಸೆಪ್ಟೆಂಬರ್ 7, ಭಾನುವಾರ

ಅರವತ್ತು ವರ್ಷ. ರಾತ್ರಿ ಚಂದ್ರಗ್ರಹಣ, ಬೇಗ ಊಟ ಮುಗಿಸಿ ಪಾತ್ರೆ ತೊಳೆದಿಟ್ಟಾಯಿತು.

ಮಾವನ ರೆಕಾರ್ಡಿಂಗ್ ಎರಡನ್ನೂ ಕಂಪ್ಯೂಟರಿಗೆ ಹಾಕಿದೆ. ಮೊದಲನೆಯದನ್ನು ಅಳಿಸಲಿಲ್ಲ. 'ಆಗಸ್ಟ್ 3: ಆದಮ್‌ಪುರ, 1965. ಬ್ಯಾರಕ್ಕಿನಲ್ಲಿ ಕೇಳಿದ್ದು' ಎಂದು ಹೆಸರು ಕೊಟ್ಟೆ. ಎರಡನೆಯದಕ್ಕೆ, 'ಆಗಸ್ಟ್ 28: ಆದಮ್‌ಪುರ, 1966. ಕಂಡದ್ದು, ಮಾಡಿದ್ದು'. ಕಾಗದಗಳ ಕಟ್ಟಿಗೆ ಪ್ಲಾಸ್ಟಿಕ್ ಬೇಡವೆಂದು ಕೋರಾ ಬಟ್ಟೆ ಸುತ್ತಿ, ಅಜ್ಜಿಯ ಬಾಳೆನಾರಿನಿಂದಲೇ ಮತ್ತೆ ಕಟ್ಟಿದೆ.